ಮುನ್ನೂರು ಕುರ್ಚಿಗಳ ಮೇಲೆ ಕೂತ ಒಂದು ಲ್ಯಾಪ್‌ಟಾಪು

ಸಣ್ಣ ವ್ಯಾಪಾರಸ್ಥರು ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಅದರ ನಿಜವೆಚ್ಚವನ್ನು ಸಕ್ಷಮ ಪ್ರಾಧಿಕಾರದಿಂದ ನಿರ್ಣಯ ಮಾಡಿಸಿಕೊಳ್ಳತಕ್ಕದ್ದು ಎಂಬುದು ನಮ್ಮ ಊರಿನ ನಿಯಮ. ಈ ನಿಯಮ ಕರುಣೆಯಿಂದ ಹುಟ್ಟಿದ್ದು. ದೊಡ್ಡ ವ್ಯಾಪಾರಸ್ಥರಿಗೆ ಮೋಸಹೋಗಲು ಸಂಬಳ ಕೊಟ್ಟು ಇಟ್ಟುಕೊಂಡ ಲೆಕ್ಕಿಗರಿರುತ್ತಾರೆ. ಸಣ್ಣವರು, ಪಾಪ, ಖುದ್ದಾಗಿ ಮೋಸಹೋಗಬೇಕು. ಅಂಗಡಿಯವನು ಡಬ್ಬದ ಮೇಲೆ ಅಂಟಿಸಿದ ಬೆಲೆ ಚೀಟಿ ನೋಡಿ "ಇಷ್ಟೇ ತಾನೇ" ಅಂದುಬಿಡುತ್ತಾರೆ. ಈ "ಇಷ್ಟೇ ತಾನೇ" ಎಂಬ ಎರಡು ಮಾತಿನಿಂದ ಊರಿಗಾದ ನಷ್ಟವು ಬೆಂಕಿ ಮತ್ತು ಪ್ರವಾಹ ಎರಡನ್ನೂ ಮೀರಿದೆ ಎಂದು ನಿಜವೆಚ್ಚ ನಿರ್ಣಯ ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಲಾಗಿದೆ. ಬರೆಸಿದ ಖರ್ಚನ್ನು ಇನ್ನೂ ನಿರ್ಣಯಿಸಿಲ್ಲ.

ಈ ನಿಯಮದಿಂದ ಅತಿ ಹೆಚ್ಚು ಪ್ರಯೋಜನ ಪಡೆದವರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ಹೆಂಗಸು. ಊರಿಗೆಲ್ಲ ಆಕೆ ಕುರ್ಚಿಯಕ್ಕ. ಆಕೆಯ ಹತ್ತಿರ ಮಡಚುವ ಕಬ್ಬಿಣದ ಕುರ್ಚಿಗಳು ಮುನ್ನೂರಿವೆ, ಎಲ್ಲವಕ್ಕೂ ಹಸಿರು ಬಣ್ಣ. ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಕುಂಟ, ಯಾವುದು ಮಡಚುವಾಗ ಬೆರಳು ಕಚ್ಚುತ್ತದೆ ಎಂಬುದೆಲ್ಲ ಆಕೆಗೆ ಗೊತ್ತು. ಬಾಡಿಗೆ ಬಾಕಿ ಉಳಿಸಿಕೊಳ್ಳುವವರ ಮನೆಗೆ ಕಚ್ಚುವ ಕುರ್ಚಿಗಳೇ ಹೋಗುತ್ತಿದ್ದವು. ಗಂಡ ಸಾಮಾನಿನ ಗಾಡಿ ಓಡಿಸುತ್ತಾನೆ. ಗಂಡನ ತಮ್ಮ ಅಂಗಡಿಯ ಫೋನು ಎತ್ತುತ್ತಾನೆ. ಈ ಮೈದುನ ಯಾರು ಏನು ಕೇಳಿದರೂ "ಆಯ್ತಪ್ಪಾ" ಅನ್ನುವವನು. ಹಾಗಾಗಿ ಅವನ ಹೆಸರೇ ಆಯ್ತಪ್ಪ ಎಂದು ನಿಂತುಹೋಗಿತ್ತು.

ಒಂದು ಭಾನುವಾರ ಮಗುವಿನ ಹುಟ್ಟುಹಬ್ಬಕ್ಕೆಂದು ಬಲೂನು ಕಟ್ಟಿದ ಕುರ್ಚಿಗಳು ತೀರಿಕೊಂಡ ಮೇಷ್ಟರೊಬ್ಬರ ಸಂತಾಪ ಸಭೆಗೂ, ಕಪ್ಪು ಪಟ್ಟಿ ಕಟ್ಟಿದ ಕುರ್ಚಿಗಳು ಹುಟ್ಟುಹಬ್ಬಕ್ಕೂ ಹೋದವು. ಸಂತಾಪ ಸಭೆಯಲ್ಲಿ ಮೌನಾಚರಣೆಯ ನಡುವೆ ಬಲೂನೊಂದು ಢಬ್ಬೆಂದು ಒಡೆಯಿತು. ಮುಖ್ಯ ಭಾಷಣಕಾರರು ಮೇಜಿನ ಕೆಳಗೆ ಹೊಕ್ಕರು. ಮೇಷ್ಟರ ಹೆಂಡತಿ ಮಾತ್ರ, "ಅವರಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು" ಎಂದು ಬಾಡಿಗೆ ಪೂರ್ತಿ ಕೊಟ್ಟರು. ಹುಟ್ಟುಹಬ್ಬದವರು ಬಿಡಿಗಾಸೂ ಕೊಡಲಿಲ್ಲ.

"ಯಾಕೋ ಹಿಂಗ್ ಮಾಡ್ದೆ?" ಎಂದಳು ಕುರ್ಚಿಯಕ್ಕ.

"ಫೋನಲ್ಲಿ ಇಬ್ರೂ ಒಂದೇ ಥರ ಇದ್ರು ಅತ್ತಿಗೆ. ಇಬ್ರೂ ಅಳ್ತಿದ್ರು."

"ಹುಟ್ಟುಹಬ್ಬದವರು ಯಾಕೋ ಅಳ್ತಾರೆ?"

"ಖರ್ಚು ನೆನೆಸ್ಕೊಂಡು."

ಮೈದುನನ ತಲೆಯನ್ನು ಬದಲಾಯಿಸುವುದಕ್ಕಿಂತ ಲ್ಯಾಪ್‌ಟಾಪ್ ತರುವುದು ಸುಲಭ ಎಂದು ಆಕೆ ಆವತ್ತೇ ತೀರ್ಮಾನಿಸಿದಳು. ಯಾವ ದಿನ ಯಾರಿಗೆ ಎಷ್ಟು ಕುರ್ಚಿ ಎಂದು ಅದರೊಳಗೆ ಹಾಕಿಬಿಟ್ಟರೆ ಒಂದೇ ಕುರ್ಚಿಯನ್ನು ಇಬ್ಬರಿಗೆ ಕೊಡುವ ಗೋಜೇ ಇರುವುದಿಲ್ಲ. ಪೇಟೆಬೀದಿಯ ಲ್ಯಾಪ್‌ಟಾಪ್ ಅಂಗಡಿಗೆ ಹೋದಳು. ಅಂಗಡಿಯವನು ಒಂದು ಬೂದು ಬಣ್ಣದ್ದನ್ನು ತೋರಿಸಿ ಮೂವತ್ತು ಸಾವಿರ ಅಂದ. ಆಕೆ ಚೀಲದಿಂದ ದುಡ್ಡು ತೆಗೆದಳು. ಅಂಗಡಿಯವನು ದುಡ್ಡಿಗೆ ಕೈ ಚಾಚಿ, ಬೆಂಕಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ.

"ನಿಜವೆಚ್ಚದ ಪ್ರಮಾಣಪತ್ರ ತಂದಿದೀರಾ ಅಕ್ಕಾ?"

"ಅದೆಲ್ಲಿ ಸಿಗುತ್ತೆ?"

"ಕಚೇರೀಲಿ. ಬೇಗ ಆಗುತ್ತೆ," ಎಂದ ಅಂಗಡಿಯವನು. ಆ ಅಂಗಡಿ ತೆರೆದ ಲಾಗಾಯ್ತಿನಿಂದ ಒಂದು ಲ್ಯಾಪ್‌ಟಾಪೂ ಮಾರಿರಲಿಲ್ಲ ಎಂಬುದನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ನಿಜವೆಚ್ಚ ನಿರ್ಣಯ ಕಚೇರಿ ಒಂದು ಹಳೆಯ ಗೋದಾಮಿನಲ್ಲಿದೆ. ಫುಟ್‌ಬಾಲ್ ಆಡುವಷ್ಟು ದೊಡ್ಡ ಜಾಗ, ನಡುಮಧ್ಯೆ ಒಂದು ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ನಿರ್ಣಯಾಧಿಕಾರಿಗಳು, ಪಕ್ಕದಲ್ಲಿ ನಿಂತುಕೊಂಡು ಬರೆಯುವ ಗುಮಾಸ್ತ. ಎರಡನೆಯ ಕುರ್ಚಿಯ ನಿಜವೆಚ್ಚ ಇನ್ನೂ ನಿರ್ಣಯವಾಗದ ಕಾರಣ ಗುಮಾಸ್ತ ಸೇವೆಗೆ ಸೇರಿದಂದಿನಿಂದ ನಿಂತೇ ಇದ್ದ. ಅಧಿಕಾರಿಗಳು ಬಹಳ ಮೃದು ಮನಸ್ಸಿನವರು. ಯಾರಾದರೂ ಯಾವುದಾದರೂ ಬೆಲೆ ಹೇಳಿದರೆ ಅವರ ಕಣ್ಣು ತುಂಬಿಬರುತ್ತಿತ್ತು.

"ಎಷ್ಟು ಅಂದ ಅಂಗಡಿಯವನು?"

"ಮೂವತ್ತು ಸಾವಿರ ಸಾರ್."

ಅಧಿಕಾರಿಗಳು ಕಣ್ಣು ಮುಚ್ಚಿಕೊಂಡರು. ಹತ್ತಿರದವರ ಸಾವಿನ ಸುದ್ದಿ ಕೇಳಿದವರಂತೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು ಕೇಳಿದರು: "ಅದರ ಮುಂದೆ ಯಾರಮ್ಮ ಕೂರ್ತಾರೆ?"

"ನಾನೇ ಕೂರ್ತೀನಿ."

"ಯಾವುದರ ಮೇಲೆ?"

"ಕುರ್ಚಿ ಮೇಲೆ. ನನಗೆ ಕುರ್ಚಿಗೆ ಬರವೇ ಸಾರ್?"

"ಅಲ್ಲೇ ನೋಡಿ ನೀವು ಎಡವಿದ್ದು. ನೀವು ಕೂತ ಕುರ್ಚಿ ಬಾಡಿಗೆಗೆ ಹೋಗುತ್ತಾ?"

ಕುರ್ಚಿಯಕ್ಕ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಗುಮಾಸ್ತ "ಕುರ್ಚಿ ಒಂದು, ನಷ್ಟ" ಎಂದು ಬರೆದುಕೊಂಡ.

"ಕೂತು ಮೊದಲು ಏನು ಮಾಡ್ತೀರಿ?"

"ಪಾಸ್‌ವರ್ಡ್ ಹಾಕ್ತೀನಿ."

"ನೆನಪಿರುತ್ತಾ?"

"ನೆನಪಿಟ್ಕೋತೀನಿ."

"ಎಲ್ಲರೂ ಹಾಗೇ ಅಂತಾರೆ," ಎಂದು ಅಧಿಕಾರಿಗಳು ನಿಟ್ಟುಸಿರು ಬಿಟ್ಟರು. ಗುಮಾಸ್ತ "ಮರೆವು" ಎಂದು ಬರೆದು ಪಕ್ಕದಲ್ಲಿ ಒಂದು ದೊಡ್ಡ ಮೊತ್ತ ಹಾಕಿದ.

"ಕನ್ನಡಕ ಇದೆಯಾ?"

"ಇಲ್ಲ ಸಾರ್, ಕಣ್ಣು ಚೆನ್ನಾಗಿದೆ."

"ಈಗ ಚೆನ್ನಾಗಿದೆ." ಕನ್ನಡಕವೂ ಸೇರಿತು. "ಮನೇಲಿ ಮೈದುನ ಅಂತ ಯಾರಾದ್ರೂ ಇದ್ದಾರಾ?"

"ಇದ್ದಾನೆ."

ಅಧಿಕಾರಿಗಳೂ ಗುಮಾಸ್ತನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಮಾಸ್ತ ಹೊಸ ಹಾಳೆ ತೆಗೆದುಕೊಂಡ.

ಹಾಳೆ ತುಂಬುವ ಹೊತ್ತಿಗೆ ಲ್ಯಾಪ್‌ಟಾಪಿನ ನಿಜವೆಚ್ಚ ನಲವತ್ತೆಂಟು ಸಾವಿರವಾಗಿತ್ತು. ಆದರೆ ಇದು ಅಂದಾಜು ಮಾತ್ರ. ಐವತ್ತು ಸಾವಿರದ ಒಳಗಿನ ಪ್ರಕರಣವನ್ನು ಐವರ ಸಮಿತಿ ಕೂತು ತೀರ್ಮಾನಿಸಬೇಕು. "ಕೂತು" ಎಂಬ ಪದ ನಿಯಮದಲ್ಲೇ ಇರುವುದರಿಂದ ನಿಂತು ತೀರ್ಮಾನಿಸುವಂತಿಲ್ಲ ಎಂದು ಅಧಿಕಾರಿಗಳು ವಿಷಾದದಿಂದ ತಿಳಿಸಿದರು. ಕಚೇರಿಯಲ್ಲಿದ್ದದ್ದು ಒಂದೇ ಕುರ್ಚಿ. ಕೊಳ್ಳುವುದಕ್ಕೆ ನಿಜವೆಚ್ಚ ಅಡ್ಡ ಬರುತ್ತದೆ. ಬಾಡಿಗೆಗೆ ತರುವುದಕ್ಕೆ ಏನೂ ಅಡ್ಡಿಯಿಲ್ಲ.

ಊರಿನಲ್ಲಿ ಕುರ್ಚಿ ಬಾಡಿಗೆಗೆ ಕೊಡುವವರು ಯಾರು ಎಂದು ವಿಚಾರಿಸಲಾಯಿತು. ಮೇಜಿನ ಎದುರು ನಿಂತಿದ್ದ ಕುರ್ಚಿಯಕ್ಕ ಕೈಯೆತ್ತಿದಳು.

ನಿಯಮದಂತೆ ಮೂರು ದರಪಟ್ಟಿ ಬೇಕಾಗಿತ್ತು. ಒಂದನ್ನು ಕುರ್ಚಿಯಕ್ಕ ಕೊಟ್ಟಳು. ಎರಡನೆಯದನ್ನು ಗಂಡ ಕೊಟ್ಟ. "ಸರ್ಕಾರಿ ಕಚೇರಿ ತಾನೇ, ಬಿಡು, ಮೂರು ಪಟ್ಟು ಬರೀತೀನಿ, ನಗಲಿ" ಎಂದು ತಮಾಷೆಗೆ ಬರೆದ. ಮೂರನೆಯದನ್ನು ಗುಮಾಸ್ತ ಫೋನಿನಲ್ಲಿ ಆಯ್ತಪ್ಪನಿಂದ ಪಡೆದ.

"ಅರ್ಧ ಬೆಲೆಗೆ ಕೊಡ್ತೀರಾ?"

"ಆಯ್ತಪ್ಪಾ."

"ಅದರಲ್ಲೂ ಅರ್ಧ?"

"ಆಯ್ತಪ್ಪಾ."

ತೀರಾ ಕಡಿಮೆ ದರ ಹೇಳುವವರಲ್ಲಿ ಏನೋ ಮರ್ಮವಿರುತ್ತದೆ ಎಂಬ ಕಾರಣಕ್ಕೆ ಆಯ್ತಪ್ಪನ ದರಪಟ್ಟಿ ತಿರಸ್ಕೃತವಾಯಿತು. ಅರ್ಜಿದಾರಳೇ ಕುರ್ಚಿ ಕೊಡುವುದು ಸರಿಯಲ್ಲ ಎಂದು ಕುರ್ಚಿಯಕ್ಕನದೂ ಬಿತ್ತು. ಗಂಡನ ಮೂರು ಪಟ್ಟು ದರವನ್ನು "ನಂಬಲರ್ಹ" ಎಂಬ ಷರಾದೊಂದಿಗೆ ಒಪ್ಪಲಾಯಿತು. ಐದು ಹಸಿರು ಕುರ್ಚಿಗಳು ಗೋದಾಮಿಗೆ ಬಂದವು.

ಐವರ ಸಮಿತಿ ಕೂತಿತು. ಕೂತ ಕೂಡಲೇ ಸದಸ್ಯರೊಬ್ಬರು ತಾವು ಕೂತಿರುವ ಕುರ್ಚಿಯ ಬಾಡಿಗೆ ಯಾರ ಲೆಕ್ಕಕ್ಕೆ ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ ಎಂದು ಎಲ್ಲರೂ ಮೆಚ್ಚಿದರು. ಈ ಲ್ಯಾಪ್‌ಟಾಪ್ ಇಲ್ಲದಿದ್ದರೆ ಸಮಿತಿ ಕೂರುತ್ತಲೇ ಇರಲಿಲ್ಲ, ಸಮಿತಿ ಕೂರದಿದ್ದರೆ ಕುರ್ಚಿ ಬರುತ್ತಿರಲಿಲ್ಲ, ಆದ್ದರಿಂದ ಬಾಡಿಗೆಯು ಲ್ಯಾಪ್‌ಟಾಪಿನ ನಿಜವೆಚ್ಚದ ಭಾಗವೇ ಎಂದು ನಿರ್ಣಯವಾಯಿತು. ಬಾಡಿಗೆ ಸೇರಿಸಿದ್ದೇ ತಡ, ಮೊತ್ತ ಐವತ್ತು ಸಾವಿರ ದಾಟಿತು. ಐವರ ಸಮಿತಿಗೆ ಅಧಿಕಾರ ತಪ್ಪಿತು.

ಐವತ್ತು ಸಾವಿರ ದಾಟಿದ್ದಕ್ಕೆ ಹನ್ನೊಂದು ಜನರ ಸಮಿತಿ ಬೇಕು. ಅವರಿಗೆ ಹನ್ನೊಂದು ಕುರ್ಚಿ ಬಂತು, ಬಾಡಿಗೆ ಸೇರಿತು, ಮೊತ್ತ ಲಕ್ಷ ದಾಟಿತು. ಲಕ್ಷ ದಾಟಿದ್ದಕ್ಕೆ ಮೂವತ್ತು ಜನ. ಮೂವತ್ತು ಜನ ಮಾತಾಡಿದರೆ ಒಬ್ಬರಿಗೊಬ್ಬರು ಕೇಳಿಸುವುದಿಲ್ಲವೆಂದು ಪ್ರತಿ ಸದಸ್ಯರಿಗೂ ಒಬ್ಬ ಪುನರುಚ್ಚಾರಕರನ್ನು ನೇಮಿಸಲಾಯಿತು, ಅವರಿಗೂ ಕುರ್ಚಿ. ಕುರ್ಚಿಗಳು ಹೆಚ್ಚಾದಂತೆ ಅವನ್ನು ಎಣಿಸಲು ಉಪಸಮಿತಿ, ಉಪಸಮಿತಿ ಕೂರಲು ಕುರ್ಚಿ, ಆ ಕುರ್ಚಿಗಳನ್ನು ಎಣಿಕೆಗೆ ಸೇರಿಸಬೇಕೇ ಬೇಡವೇ ಎಂದು ಜಗಳವಾಡಲು ಎರಡು ಬಣ. ಗೋದಾಮಿನ ಹೊರಗೆ ಒಂದು ಪ್ರಕಟಣೆ ಬಿತ್ತು: "ಕುರ್ಚಿ ಸಿಕ್ಕವರು ಎದ್ದು ಹೋಗತಕ್ಕದ್ದಲ್ಲ. ಎದ್ದು ಹೋದವರ ಕುರ್ಚಿಯು ಕೂತವರದ್ದು."

ಕುರ್ಚಿಯಕ್ಕನ ಮನೆಯಲ್ಲಿ ಆಗ ಕಾಲು ನೆಲಕ್ಕೆ ತಾಗದ ಕಾಲ. ಮುನ್ನೂರು ಕುರ್ಚಿಗಳೂ ದಿನದಿನವೂ ಮೂರು ಪಟ್ಟು ಬಾಡಿಗೆಗೆ ಹೋಗಿದ್ದವು. ಹೊರುವುದಿಲ್ಲ, ಇಳಿಸುವುದಿಲ್ಲ, ಒರೆಸುವುದಿಲ್ಲ. ಗಂಡ ಗಾಡಿಗೆ ಹೊಸ ಬಣ್ಣ ಹೊಡೆಸಿದ. ಗಾಡಿ ಎಲ್ಲಿಗೂ ಹೋಗಬೇಕಿಲ್ಲದ್ದರಿಂದ ಬಣ್ಣ ಸ್ವಲ್ಪವೂ ಕೆಡಲಿಲ್ಲ. ಆಯ್ತಪ್ಪ ಮಧ್ಯಾಹ್ನದ ಹೊತ್ತು ಖಾಲಿ ಅಂಗಡಿಯಲ್ಲಿ ಕಾಲು ಚಾಚಿ ಮಲಗಿದ, ಕೂರಲು ಕುರ್ಚಿಯಿರಲಿಲ್ಲವಲ್ಲ. ಕುರ್ಚಿಯಕ್ಕ ಹಾಡು ಗುನುಗುತ್ತಾ ಪಾತ್ರೆ ತೊಳೆದಳು. ಕೊನೆಗೆ ಗಂಡನೇ ಒಂದು ದಿನ ತುತ್ತು ಕೈಯಲ್ಲಿ ಹಿಡಿದು ಕೇಳಿದ:

"ಅಲ್ವೇ, ಈ ದುಡ್ಡು ಕೊಡ್ತಿರೋದು ಯಾರು?"

"ಕಚೇರಿಯವರು."

"ಕಚೇರಿಯವರಿಗೆ ಯಾರು ಕೊಡ್ತಾರೆ?"

ಮರುದಿನ ಕುರ್ಚಿಯಕ್ಕ ಅಧಿಕಾರಿಗಳನ್ನು ಕಂಡು ಅದನ್ನೇ ಕೇಳಿದಳು. ಅವರಿಗೆ ಪ್ರಶ್ನೆ ಕೇಳಿ ಸಂತೋಷವಾಯಿತು. ನಾಗರಿಕರಲ್ಲಿ ಈ ತಿಳುವಳಿಕೆ ಬರಬೇಕೆಂಬುದೇ ಅವರ ಆಸೆಯಾಗಿತ್ತು.

"ನೀವೇ ಕೊಡ್ತೀರಮ್ಮ. ಈಗ ಮುಂಗಡ ನಿಧಿಯಿಂದ ಕೊಡ್ತಿದೀವಿ. ಲ್ಯಾಪ್‌ಟಾಪ್ ಕೊಂಡ ದಿನ ಅಷ್ಟನ್ನೂ ನಿಮ್ಮಿಂದ ವಸೂಲು ಮಾಡ್ತೀವಿ. ನಿಜವೆಚ್ಚ ಅಲ್ವಾ."

"ಈಗ ಎಷ್ಟಾಗಿದೆ ಸಾರ್?"

ಅಧಿಕಾರಿಗಳು ಅವಳ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಕುರ್ಚಿಯಕ್ಕ ಕೂರಲು ಹೋದಳು. ಖಾಲಿ ಕುರ್ಚಿ ಇರಲಿಲ್ಲ.

"ನನಗೆ ಲ್ಯಾಪ್‌ಟಾಪೇ ಬೇಡ. ಅರ್ಜಿ ವಾಪಸ್ ತಗೋತೀನಿ."

"ತಗೊಳ್ಳಿ, ಅದು ನಿಮ್ಮ ಹಕ್ಕು. ಆದರೆ ವಾಪಸ್ ತಗೊಂಡ ದಿನವನ್ನೇ ಕೊಂಡ ದಿನ ಅಂತ ಪರಿಗಣಿಸ್ತೀವಿ. ವಿಚಾರಣೆ ನಡೀತಿರೋವರೆಗೂ ಒಂದು ಕಾಸೂ ಕೇಳಲ್ಲ. ನಿಶ್ಚಿಂತೆಯಾಗಿರಿ."

ಹೀಗೆ ಕುರ್ಚಿಯಕ್ಕ ವಿಚಾರಣೆ ಎಂದೂ ಮುಗಿಯದಿರಲಿ ಎಂದು ಬಯಸುವವರ ಸಾಲಿಗೆ ಸೇರಿದಳು. ಆ ಸಾಲಿನಲ್ಲಿ ಆಗಲೇ ಮುನ್ನೂರು ಜನರಿದ್ದರು.

ಇಂಥ ಹೊತ್ತಿನಲ್ಲಿ ಬೇಕರಿಯಣ್ಣ ಬಂದ. ಎದುರು ಬೀದಿಯಲ್ಲಿ ಬೇಕರಿ ಇಟ್ಟಿರುವ ಇವನು ಕುರ್ಚಿಯಕ್ಕನನ್ನು ಒಡಹುಟ್ಟಿದವಳಂತೆ ಕಾಣುವವನು. ಆಕೆ ಮೊದಲ ಇಪ್ಪತ್ತು ಕುರ್ಚಿ ಕೊಂಡಾಗ ಬೇಕರಿಯ ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟು ಅಲ್ಲಿಡಿಸಿದ್ದ. ಅವನ ಮಗಳಿಗೂ ಗಡಿಯಾರ ರಿಪೇರಿ ಮಾಡುವ ಒಬ್ಬ ಹುಡುಗನಿಗೂ ಮುಂದಿನ ಭಾನುವಾರ ಮದುವೆ.

"ಇನ್ನೂರು ಕುರ್ಚಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಕಳಿಸ್ತೀಯಾ ತಂಗೀ?"

ಕುರ್ಚಿಯಕ್ಕ ನಿಧಾನಕ್ಕೆ ಮೈದುನನ ಕಡೆ ತಿರುಗಿದಳು. ಆಯ್ತಪ್ಪ ಗೋಡೆಯ ಕಡೆ ತಿರುಗಿದ.

"ಫೋನ್ ಮಾಡಿದ್ರು ಅತ್ತಿಗೆ. ನಾನು..."

"ಏನಂದೆ?"

"ಅದೇ. ಯಾವಾಗ್ಲೂ ಅನ್ನೋದು."

ಬೇಕರಿಯಣ್ಣನಿಗೆ ವಿಷಯ ತಿಳಿದಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. "ಬಿಡು ತಂಗಿ, ಜನ ನಿಂತ್ಕೋತಾರೆ" ಅಂದ. ಆಮೇಲೆ, "ನಮ್ಮಮ್ಮಂಗೆ ಮಾತ್ರ ಮಂಡಿ ನೋವು. ಅವಳಿಗೊಂದು ಮನೆಯಿಂದ ಹೊತ್ಕೊಂಡ್ ಬರ್ತೀನಿ" ಎಂದು ಹೊರಟ. ಅವನು ಬೀದಿ ದಾಟುವವರೆಗೂ ಕುರ್ಚಿಯಕ್ಕ ಬಾಗಿಲಲ್ಲೇ ನಿಂತು ನೋಡಿದಳು. ಇಷ್ಟು ಕಾಲದಲ್ಲಿ ಕೊಟ್ಟ ಮಾತಿಗೆ ಆಕೆ ಒಂದು ಸಾರಿಯೂ ತಪ್ಪಿರಲಿಲ್ಲ. ತಡವಾಗಿ ಕಳಿಸಿದ್ದಿದೆ, ಕಚ್ಚುವ ಕುರ್ಚಿ ಕಳಿಸಿದ್ದಿದೆ, ಕುರ್ಚಿಯೇ ಇಲ್ಲ ಅಂದದ್ದಿಲ್ಲ.

ಆಕೆ ಗೋದಾಮಿಗೆ ಹೋಗಿ ಅಧಿಕಾರಿಗಳ ಮೇಜಿನ ಮೇಲೆ ಎರಡೂ ಕೈ ಊರಿದಳು.

"ಸಾರ್, ಭಾನುವಾರ ಒಂದು ಹೊತ್ತಿಗೆ ಇನ್ನೂರು ಕುರ್ಚಿ ಬಿಡಿ. ಆಣೆ ಮಾಡ್ತೀನಿ, ಸಂಜೆಗೆ ವಾಪಸ್."

"ಆಗಲ್ಲಮ್ಮ. ಅವು ಈಗ ಬರೀ ಕುರ್ಚಿಗಳಲ್ಲ. ನಿಮ್ಮ ಪ್ರಕರಣದ ಸಾಕ್ಷ್ಯ. ಸಾಕ್ಷ್ಯ ಬಾಗಿಲು ದಾಟಬಾರದು."

"ನನ್ನ ಕುರ್ಚಿ ಸಾರ್ ಅವು!"

"ಅದಕ್ಕೇ ಇನ್ನೂ ಬಲವಾದ ಸಾಕ್ಷ್ಯ."

ಕುರ್ಚಿಯಕ್ಕ ಅಲ್ಲಿಂದ ಕದಲಲಿಲ್ಲ. ಮದುವೆ ಹುಡುಗಿಯ ಅಜ್ಜಿಯ ಮಂಡಿ ನೋವಿನ ವಿಷಯ ಹೇಳಿದಳು. ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಅಧಿಕಾರಿಗಳ ಕಣ್ಣಲ್ಲಿ ಅದಕ್ಕಿಂತ ಮೊದಲೇ ಬಂದಿತ್ತು. ಅವರು ಮೂಗು ಸೀಟಿ, ನಿಯಮಾವಳಿಯನ್ನು ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ ತಿರುವಿದರು. ಆಮೇಲೆ ಅವರ ಮುಖ ಬೆಳಗಿತು.

"ಕುರ್ಚಿ ಹೊರಗೆ ಹೋಗೋ ಹಾಗಿಲ್ಲ, ನಿಜ. ಜನ ಒಳಗೆ ಬರೋಕೆ ಏನಡ್ಡಿ? ನಿರ್ಣಯದ ಬಗ್ಗೆ ಆಕ್ಷೇಪಣೆ ಹೇಳೋಕೆ ಸಾರ್ವಜನಿಕರು ಬಂದರೆ ಅವರಿಗೆ ಕುರ್ಚಿ ಕೊಡಲೇಬೇಕು. ಕೊಡದಿದ್ದರೆ ನನ್ನ ಕೆಲಸ ಹೋಗುತ್ತೆ."

ಅದೇ ದಿನ ಮದುವೆಯ ಕರೆಯೋಲೆಗಳ ಮೇಲೆ ಹೊಸ ಚೀಟಿ ಅಂಟಿಸಲಾಯಿತು: "ಲ್ಯಾಪ್‌ಟಾಪಿನ ನಿಜವೆಚ್ಚದ ಬಗ್ಗೆ ತಮ್ಮ ಆಕ್ಷೇಪಣೆಗಳೊಂದಿಗೆ ಕುಟುಂಬ ಸಮೇತ ಆಗಮಿಸಬೇಕಾಗಿ ವಿನಂತಿ. ಉಡುಗೊರೆ ಬೇಡ."

ಭಾನುವಾರ ಗೋದಾಮಿನ ಬಾಗಿಲಲ್ಲಿ ಗುಮಾಸ್ತ ನಿಂತು ಪ್ರತಿ ನೆಂಟರಿಗೂ "ಆಕ್ಷೇಪಣೆ ಇದೆಯಾ?" ಎಂದು ಕೇಳಿ ಒಳಗೆ ಬಿಟ್ಟ. ಹುಡುಗನ ಕಡೆಯವರಿಗೆ ಹುಡುಗಿಯ ಕಡೆಯವರ ಮೇಲೂ, ಹುಡುಗಿಯ ಕಡೆಯವರಿಗೆ ಹುಡುಗನ ಕಡೆಯವರ ಮೇಲೂ ಸಾಕಷ್ಟು ಆಕ್ಷೇಪಣೆ ಇದ್ದದ್ದರಿಂದ ಯಾರೂ ಸುಳ್ಳು ಹೇಳಬೇಕಾಗಲಿಲ್ಲ. ಸಮಿತಿಯ ಇನ್ನೂರು ಜನ ನಿಯಮದಂತೆ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಸುಮ್ಮನೆ ನಿಂತವರಿಗೆ ಏನಾದರೂ ಬೇಕಲ್ಲ, ಬೇಕರಿಯಣ್ಣ ಅವರ ಕೈಗೆ ತಟ್ಟೆಗಳನ್ನು ಕೊಟ್ಟ. ಅವರು ಸಾಲುಸಾಲಾಗಿ ಕೇಕ್ ಹಂಚಿದರು. ರಚನೆಯಾದ ಮೇಲೆ ಸಮಿತಿ ಮಾಡಿದ ಮೊದಲ ಕೆಲಸ ಅದು. ಬಹಳ ಚೆನ್ನಾಗಿ ಮಾಡಿತು.

ಹುಡುಗಿಯ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ, ಕಚ್ಚದ ಕುರ್ಚಿಯೊಂದರಲ್ಲಿ, ಕುರ್ಚಿಯಕ್ಕ ತಾನೇ ಕೈಹಿಡಿದು ಕೂರಿಸಿದಳು. ಅಧಿಕಾರಿಗಳು ಎದ್ದು ಗಂಟಲು ಸರಿಪಡಿಸಿಕೊಂಡರು.

"ಈ ದಿನದ ನಾಲ್ಕನೆಯ ವಿಷಯ. ಬೇಕರಿ ಮಾಲೀಕರ ಮಗಳು ಮತ್ತು ಅವರ ಎದುರಿಗೆ ನಿಂತು ಬೆವರುತ್ತಿರುವ ಯುವಕ ಪರಸ್ಪರ ಒಪ್ಪಿರುವುದಾಗಿ ತಿಳಿದುಬಂದಿದೆ. ಸದರಿ ವಿಷಯದಲ್ಲಿ ಯಾರದಾದರೂ ಆಕ್ಷೇಪಣೆ ಇದ್ದಲ್ಲಿ ಕೈ ಎತ್ತತಕ್ಕದ್ದು."

ಹಿಂದಿನ ಸಾಲಿನಲ್ಲಿ ಹುಡುಗನ ಸೋದರಮಾವನ ಕೈ ಮೇಲೆ ಹೋಯಿತು. ಹುಡುಗಿಯ ಮುಖ ಬಿಳಿಚಿತು. ಬೇಕರಿಯಣ್ಣ ಎದೆ ಹಿಡಿದುಕೊಂಡ.

"ಹೇಳಿ, ಏನು ನಿಮ್ಮ ಆಕ್ಷೇಪಣೆ?"

"ನಮ್ಮ ಸಾಲಿಗೆ ಕೇಕ್ ಬಂದಿಲ್ಲ."

ಕೇಕ್ ನೀಡಿ ಆಕ್ಷೇಪಣೆಯನ್ನು ಇತ್ಯರ್ಥಪಡಿಸಲಾಯಿತು. ವಿಷಯವು ಸರ್ವಾನುಮತದಿಂದ ಅಂಗೀಕಾರವಾಯಿತು. ಪುನರುಚ್ಚಾರಕರು "ಅಂಗೀಕಾರವಾಯಿತು, ಅಂಗೀಕಾರವಾಯಿತು" ಎಂದು ಗೋದಾಮಿನ ತುದಿಯವರೆಗೂ ಹೇಳಿಕೊಂಡು ಹೋದರು. ಹುಡುಗ ಹುಡುಗಿಯ ಕೈ ಹಿಡಿದ. ಅಧಿಕಾರಿಗಳು ಬಿಕ್ಕಿ ಬಿಕ್ಕಿ ಅತ್ತರು. ಅವರ ಸೇವಾವಧಿಯಲ್ಲಿ ಯಾವುದೇ ವಿಷಯ ಅಂಗೀಕಾರವಾದದ್ದನ್ನು ಅವರು ನೋಡಿದ್ದು ಅದೇ ಮೊದಲು.

ಸುದ್ದಿ ಊರಿಗೆ ಹರಡಿತು. ಕುರ್ಚಿಗಳೆಲ್ಲ ಅಲ್ಲೇ ಇವೆ, ಬಡಿಸುವುದಕ್ಕೆ ಸಮಿತಿಯೂ ಅಲ್ಲೇ ಇದೆ. ಜನ ಹುಟ್ಟುಹಬ್ಬ, ನಾಮಕರಣ, ಸಂತಾಪ ಸಭೆ ಎಲ್ಲವನ್ನೂ ಆಕ್ಷೇಪಣೆಯ ರೂಪದಲ್ಲಿ ಅಲ್ಲಿಗೇ ತಂದರು. ಎಲ್ಲ ಖರ್ಚೂ ಲ್ಯಾಪ್‌ಟಾಪಿನ ನಿಜವೆಚ್ಚಕ್ಕೆ ಸೇರುತ್ತಾ ಹೋಯಿತು. ಮೊತ್ತವನ್ನು ಬರೆಯಲು ಗುಮಾಸ್ತ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿಕೊಳ್ಳಬೇಕಾಯಿತು. ಕುರ್ಚಿಯಕ್ಕ ಮಾತ್ರ ರಾತ್ರಿ ನಿದ್ದೆಯಲ್ಲಿ ಬೆಚ್ಚಿಬೀಳತೊಡಗಿದಳು. ಊರಿನವರೆಲ್ಲ ಉಂಡು ಹೋದದ್ದರ ಬಿಲ್ಲು ಒಂದು ದಿನ ತನ್ನ ಬಾಗಿಲಿಗೆ ಬರುತ್ತದಲ್ಲ.

ಅಷ್ಟರಲ್ಲಿ ಮೇಲಿನಿಂದ ನಿರ್ದೇಶಕರು ತಪಾಸಣೆಗೆ ಬಂದರು. ಅವರು ಗಟ್ಟಿ ಮನುಷ್ಯ ಎಂದು ಹೆಸರಾದವರು. ಹಾಳೆಯನ್ನು ಅಡ್ಡಕ್ಕೆ ಹಿಡಿದು ಓದಿದರು. ಕುರ್ಚಿಯಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಷ್ಟು ಬೆಲೆಬಾಳುವ ಲ್ಯಾಪ್‌ಟಾಪ್ ಯಾವುದು? ಅದನ್ನ ತಂದು ತೋರಿಸಿ."

ಅಂಗಡಿಯವನನ್ನು ಕರೆಸಲಾಯಿತು. ಅವನು ಬರಿಗೈಯಲ್ಲಿ ಬಂದು ತಲೆ ತುರಿಸಿಕೊಂಡ.

"ಆ ಮಾಡೆಲ್ ಈಗ ಬರ್ತಿಲ್ಲ ಸಾರ್. ಕಂಪನಿಯವರು ನಿಲ್ಲಿಸಿಬಿಟ್ಟಿದಾರೆ. ಇದ್ದ ಒಂದನ್ನ ಧೂಳು ಹಿಡೀತಿದೆ ಅಂತ ವಾಪಸ್ ತಗೊಂಡ್ ಹೋದ್ರು."

ಇನ್ನು ವಿಚಾರಣೆ ಮುಗಿದಂತೆ, ವಸೂಲಿ ಶುರುವಾದಂತೆ ಎಂದು ಕುರ್ಚಿಯಕ್ಕ ಗಂಡನ ತೋಳು ಹಿಡಿದುಕೊಂಡಳು. ಗಂಡ ಗಾಡಿಗೆ ಹೊಡೆಸಿದ ಹೊಸ ಬಣ್ಣದ ಬಗ್ಗೆ ಯೋಚಿಸುತ್ತಿದ್ದ. ನಿರ್ದೇಶಕರು ಕಣ್ಣು ಮುಚ್ಚಿ ಯೋಚಿಸಿದರು. ಅವರ ಹಿಂದೆ ಮುನ್ನೂರು ಜನ ಕಣ್ಣು ಮುಚ್ಚಿದರು.

"ಸಿಗದ ವಸ್ತುವನ್ನು ಯಾರೂ ಕೊಳ್ಳಲಾರರು," ಎಂದರು ನಿರ್ದೇಶಕರು. "ಕೊಳ್ಳಲಾಗದ ವಸ್ತುವಿಗೆ ವೆಚ್ಚವಿಲ್ಲ. ಆದ್ದರಿಂದ ಈ ಲ್ಯಾಪ್‌ಟಾಪಿನ ನಿಜವೆಚ್ಚ ಸೊನ್ನೆ. ಅರ್ಜಿದಾರರಿಂದ ಸೊನ್ನೆಯನ್ನು ವಸೂಲು ಮಾಡತಕ್ಕದ್ದು."

ಕುರ್ಚಿಯಕ್ಕ ಅಲ್ಲೇ ಸೊನ್ನೆಯನ್ನು ಕಟ್ಟಿ ರಸೀದಿ ಪಡೆದಳು. ಅವಸರಕ್ಕೆ ರುಜು ಸೊಟ್ಟಗಾಯಿತು, ನಗು ಬರುತ್ತಿದ್ದರಿಂದ ಎರಡನೆಯ ಸಲವೂ ಸೊಟ್ಟಗಾಯಿತು.

"ಹಾಗಾದರೆ ಸಮಿತಿಯನ್ನು ವಿಸರ್ಜಿಸೋಣವೇ ಸಾರ್?" ಎಂದು ಅಧಿಕಾರಿಗಳು ದುಃಖದಿಂದ ಕೇಳಿದರು.

"ಯಾಕೆ? ಸೊನ್ನೆ ಅನ್ನೋದು ಬಹಳ ಜಾರೋ ಸಂಖ್ಯೆ. ಸ್ವಲ್ಪ ಕಣ್ಣು ತಪ್ಪಿದರೆ ಒಂದಾಗಿಬಿಡುತ್ತೆ. ಸಮಿತಿ ಖಾಯಂ ಆಗಿ ಕೂತು ಅದನ್ನು ಕಾಯಬೇಕು."

ಚಪ್ಪಾಳೆ ಗೋದಾಮಿನ ತಗಡನ್ನು ನಡುಗಿಸಿತು. ಕುರ್ಚಿಗಳು ಖಾಯಂ ಆಗಿ ಅಲ್ಲೇ ಉಳಿದವು, ಬಾಡಿಗೆ ಖಾಯಂ ಆಗಿ ಬಂತು. ಕುರ್ಚಿಗಳು ಎಲ್ಲಿಗೂ ಹೋಗದ ಕಾರಣ ತಪ್ಪು ಮನೆಗೆ ಹೋಗುವ ಪ್ರಶ್ನೆಯೂ ಉಳಿಯಲಿಲ್ಲ. ಹೀಗೆ ಲ್ಯಾಪ್‌ಟಾಪ್ ಇಲ್ಲದೆಯೇ ಲ್ಯಾಪ್‌ಟಾಪಿನ ಉದ್ದೇಶವು ಸೊನ್ನೆ ವೆಚ್ಚದಲ್ಲಿ ಈಡೇರಿದೆ ಎಂದು ಕಚೇರಿಯು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ದಾಖಲಿಸಿತು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಿರ್ದೇಶಕರು ಹೊರಟ ಮೇಲೆ ಬೇಕರಿಯಣ್ಣನ ಮಗಳೂ ಗಡಿಯಾರದ ಹುಡುಗನೂ ಎರಡೂ ಕಡೆಯ ಹಿರಿಯರೊಂದಿಗೆ ಮದುವೆಯ ಪ್ರಮಾಣಪತ್ರ ಕೇಳಲು ಬಂದರು. ಗುಮಾಸ್ತ ಮುದ್ರೆ ಒತ್ತಿ ಕೊಟ್ಟ ಕಾಗದವನ್ನು ಹುಡುಗಿ ಗಟ್ಟಿಯಾಗಿ ಓದಿದಳು: "ಲ್ಯಾಪ್‌ಟಾಪ್. ಪೂರಕ ಸಾಮಗ್ರಿಗಳು: ಬ್ಯಾಗು, ಮೌಸು, ವಿವಾಹ."

"ಇದೇನ್ ಸಾರ್, ನಮ್ಮನ್ನ ಮೌಸಿನ ಪಕ್ಕ ಹಾಕಿದೀರಿ?"

"ಸಭೆ ನಡೆದದ್ದು ಲ್ಯಾಪ್‌ಟಾಪಿನ ಬಗ್ಗೆ ಅಲ್ವೇನಮ್ಮ," ಎಂದರು ಅಧಿಕಾರಿಗಳು ವಾತ್ಸಲ್ಯದಿಂದ. "ಬೇರೆ ಜಾಗ ಇರಲಿಲ್ಲ."

"ಲ್ಯಾಪ್‌ಟಾಪೇ ಇಲ್ಲ ಅಂತ ಆಯ್ತಲ್ಲ. ಹಾಗಾದ್ರೆ ಮದುವೆ?"

"ಪೂರಕ ಸಾಮಗ್ರಿಗೆ ಏನೂ ಆಗಲ್ಲ. ಅದು ಸ್ವತಂತ್ರ. ಐದು ವರ್ಷ ಬಾಳಿಕೆ, ಆಮೇಲೆ ಇಬ್ಬರೂ ಒಪ್ಪಿದರೆ ನವೀಕರಿಸಬಹುದು."

ಹುಡುಗಿ ಹುಡುಗನ ಮುಖ ನೋಡಿ ಲೆಕ್ಕ ಹಾಕಿದಳು. "ಐದು ವರ್ಷ ಅಂದ್ರೆ ಪರವಾಗಿಲ್ಲ. ವಾರಂಟಿ ಎಷ್ಟಿದೆ ಇವರಿಗೆ?"

"ಒಂದು ವರ್ಷ. ತಯಾರಿಕೆಯ ದೋಷಗಳಿಗೆ ಮಾತ್ರ."

ಹುಡುಗನ ತಾಯಿ ಥಟ್ಟನೆ ಎದ್ದು, "ದೋಷ ಏನಿದ್ರೂ ಅವರಪ್ಪನ ಕಡೆಯಿಂದ" ಎಂದು ಹೇಳಿಕೆ ಕೊಟ್ಟರು. ಗುಮಾಸ್ತ ಬರೆದುಕೊಂಡ. ಹುಡುಗನ ತಂದೆ ತಮ್ಮ ಆಕ್ಷೇಪಣೆಯನ್ನು ಮುಂದಿನ ಸಭೆಗೆ ಕಾಯ್ದಿರಿಸಿದರು.

"ಇನ್ನೊಂದು ಮಾತು," ಎಂದರು ಅಧಿಕಾರಿಗಳು. "ನೀರು ತಾಗಿದರೆ ವಾರಂಟಿ ಅನ್ವಯಿಸುವುದಿಲ್ಲ."

ಹೊರಗೆ ಸಣ್ಣಗೆ ಮಳೆ ಶುರುವಾಗಿತ್ತು. ಹೊಸಿಲಲ್ಲಿ ಎಲ್ಲರೂ ಒಮ್ಮೆಗೇ ನಿಂತರು. ಬೇಕರಿಯಣ್ಣ ಅಳಿಯನನ್ನು ಭುಜ ಹಿಡಿದು ಒಳಕ್ಕೆಳೆದುಕೊಂಡ. ಆಯ್ತಪ್ಪ ಎಲ್ಲಿಂದಲೋ ಒಂದು ಕೊಡೆ ತಂದ, ಸೋದರಮಾವ ಇನ್ನೊಂದು, ಅಧಿಕಾರಿಗಳು ಕಚೇರಿಯದ್ದೇ ಮೂರನೆಯದು ಬಿಚ್ಚಿದರು. ಹುಡುಗನನ್ನು ಮೂರು ಕೊಡೆಗಳ ನಡುವೆ ನಿಲ್ಲಿಸಿಕೊಂಡು "ಹುಷಾರು, ಹುಷಾರು, ಎಡಕ್ಕೆ ಹನೀತಿದೆ" ಎನ್ನುತ್ತಾ ಮೆರವಣಿಗೆ ಬೀದಿಗಿಳಿಯಿತು. ಎದುರಿಗೆ ಬಂದ ಬಸ್ಸಿನವನು ಕೆಸರು ಸಿಡಿಯಬಾರದೆಂದು ಬಸ್ಸು ನಿಲ್ಲಿಸಿಕೊಂಡ. ಅಂಗಡಿಗಳವರು ತಗಡಿನಿಂದ ಸುರಿಯುವ ನೀರಿಗೆ ಬಕೆಟ್ಟು ಹಿಡಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ವಸ್ತುವನ್ನು ಜೋಪಾನ ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಹುಡುಗಿ ಮಾತ್ರ ಮೆರವಣಿಗೆಯ ಹಿಂದೆ ತೊಪ್ಪೆಯಾಗಿ ನೆನೆಯುತ್ತಾ, ನಗುತ್ತಾ ನಡೆದಳು. ಅವಳ ವಾರಂಟಿಯ ಬಗ್ಗೆ ಯಾರೂ ವಿಚಾರಿಸಿರಲಿಲ್ಲ.